ಏಳನೇ ತಂತಿಯ ಮೇಲೆ ಒಣಗಿದ ಅರಿವಿ

ಕಂಪ್ಯೂಟರನ್ನು ಕೆಡವುತ್ತಿದ್ದವಳು ನಾನೇ. ಕರೆಂಟು ಕೆಡವಲಿಲ್ಲ, ಬಾಗಲಕೋಟೆಯ ಬಿಸಿಲು ಕೆಡವಲಿಲ್ಲ, ಹುಡುಗರ ತಪ್ಪು ಪ್ರೋಗ್ರಾಮೂ ಅಲ್ಲ. ನೆಲ ಒರೆಸಿ ಹಿಂಡಿ ಒಣಹಾಕಿದ ನನ್ನ ಅರಿವಿ ಕೆಡವಿತು. ಎರಡು ತಿಂಗಳಲ್ಲಿ ಹನ್ನೊಂದು ಸಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಲ್ಲಿನ ಹಳಬರು ಈಗಲೂ ಸಿಕ್ಕಾಗ ಮೆಮೊರಿ ಬೋರ್ಡು ಕೆಟ್ಟಿತ್ತು ಎಂದೇ ಹೇಳುತ್ತಾರೆ. ಬೋರ್ಡು ಚೆನ್ನಾಗಿತ್ತು. ಪಾಪ, ಅದನ್ನು ಸುಮ್ಮನೆ ಕಿತ್ತು ಕಳಿಸಿದರು.

ಎಂಬತ್ತರ ದಶಕದ ಕೊನೆಯ ವರ್ಷಗಳು. ಬಾಗಲಕೋಟೆಯ ಒಂದು ತಾಂತ್ರಿಕ ವಿದ್ಯಾಸಂಸ್ಥೆಯ ಕಂಪ್ಯೂಟರ್ ಕೋಣೆಯಲ್ಲಿ ನಾನು ಆಯಾ. ನಾನು ಓದಿದ್ದು ಮೂರನೇ ಇಯತ್ತೆ. ಹುಟ್ಟಿದ್ದು ಇಳಕಲ್ಲಿನ ನೇಕಾರರ ಮನೆಯಲ್ಲಿ. ಕನ್ನಡ ಓದುತ್ತಿದ್ದೆ, ಇಂಗ್ಲಿಷಿನ ಅಂಕಿ ಗುರುತಿಸುತ್ತಿದ್ದೆ, ಇಂಗ್ಲಿಷ್ ಅಕ್ಷರ ನನಗೆ ಸೀರೆಯ ದಡಿಯ ಮೇಲಿನ ಚಿತ್ತಾರ ಇದ್ದ ಹಾಗೆ: ಓದಲು ಬಾರದು, ಆದರೆ ಇದು ಅದೇ, ಇದು ಬೇರೆ ಎಂದು ದೂರದಿಂದಲೇ ಹೇಳುತ್ತಿದ್ದೆ. ಕೆಲಸ ಖಾಯಂ ಆಗಿರಲಿಲ್ಲ. ಖಾಯಂ ಮಾಡುವ ಕಾಗದ ಪ್ರಾಚಾರ್ಯರ ಟೇಬಲ್ ಮೇಲೆ ಸಹಿಗೆ ಕಾಯುತ್ತಿತ್ತು. ಈ ಕಥೆಯಲ್ಲಿ ನನಗೆ ಬೇಕಾಗಿದ್ದುದು ಅದೊಂದೇ.

ಯಂತ್ರ ನನ್ನ ಎದೆಯ ಮಟ್ಟದ ಕಪಾಟಿನಷ್ಟಿತ್ತು. ಯುನಿಕ್ಸ್ ಎಂಬುದರ ಮೇಲೆ ನಡೆಯುತ್ತಿತ್ತು. ಅದರಿಂದ ಎಂಟು ತಂತಿ ಹೊರಟಿದ್ದವು, ಸೊನ್ನೆಯಿಂದ ಏಳರವರೆಗೆ ನಂಬರು. ಒಂದೊಂದು ತಂತಿಯ ತುದಿಗೆ ಒಂದೊಂದು ಟರ್ಮಿನಲ್, ಹೆಚ್ಚಿನವುಗಳ ಮುಂದೆ ಒಬ್ಬ ಹುಡುಗ ಇಲ್ಲವೇ ಹುಡುಗಿ. ಇವಲ್ಲದೆ ಯಂತ್ರದ ಪಕ್ಕಕ್ಕೇ ಅದರ ಸ್ವಂತ ಟೈಪ್ ಮೆಷಿನ್ ಇತ್ತು, ಕನ್ಸೋಲ್ ಎನ್ನುತ್ತಿದ್ದರು. ಯಂತ್ರ ತಾನು ಹೇಳಬೇಕಾದದ್ದನ್ನು ಅಗಲ ಕಾಗದದ ಮೇಲೆ ಕಟಕಟ ಹೊಡೆದು ಹೇಳುತ್ತಿತ್ತು. ಇಡೀ ಊರಿಗೆ ತಂಪಾದ ಕೋಣೆ ಅದೊಂದೇ. ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಏಪ್ರಿಲ್‌ನಲ್ಲಿ ಅಲ್ಲಿ ಕಸ ಗುಡಿಸುವವಳಿಗೆ ಪ್ರಾಚಾರ್ಯರೂ ಹೊಟ್ಟೆಕಿಚ್ಚು ಪಡುತ್ತಿದ್ದರು.

ಯಂತ್ರ ಬೀಳುವುದೆಂದರೆ ನೆಲಕ್ಕೆ ಬೀಳುವುದಲ್ಲ. ಮೊದಲು ನಿಧಾನವಾಗುತ್ತಿತ್ತು. ಹುಡುಗರು ಒತ್ತಿದ ಅಕ್ಷರ ಎಷ್ಟೋ ಹೊತ್ತಾದ ಮೇಲೆ ಪರದೆಗೆ ಬರುತ್ತಿತ್ತು, ‘ಸರ್, ಮೆಲ್ಲಗ ಆಗೈತ್ರಿ’ ಎಂದು ಕೂಗು ಏಳುತ್ತಿತ್ತು. ಡಿಸ್ಕು ಒಳಗೆ ಬಿಡುವಿಲ್ಲದೆ ಗೊರಗೊರ ಎನ್ನುತ್ತಿತ್ತು. ಆಮೇಲೆ ಒಮ್ಮೆಲೇ ಮೌನ. ಕನ್ಸೋಲ್ ಎರಡು ಸಾಲು ಹೊಡೆದು ನಿಲ್ಲುತ್ತಿತ್ತು. ಮೊದಲ ಪದ ‘ಪ್ಯಾನಿಕ್’ ಎಂದು ಲ್ಯಾಬಿನ ಸರ್ ಹೇಳಿದ್ದರು. ಗಾಬರಿ ಎಂದರ್ಥವಂತೆ. ಯಂತ್ರ ತಾನೇ ತನಗೆ ಗಾಬರಿಯಾಗಿದೆ ಎಂದು ಬರೆದು ಸಾಯುತ್ತದಲ್ಲ, ಎಷ್ಟು ಪ್ರಾಮಾಣಿಕ ಎನಿಸುತ್ತಿತ್ತು ನನಗೆ.

ಲ್ಯಾಬಿನ ಸರ್ ಎಂದರೆ ಆ ಕೋಣೆಯ ಜವಾಬ್ದಾರಿ ಹೊತ್ತವರು, ನಮ್ಮ ಕಡೆಯವರೇ. ಯಂತ್ರವನ್ನು ಎಬ್ಬಿಸುವುದು ಅವರ ಕೆಲಸ. ಹನ್ನೊಂದು ಸಲ ನೋಡಿ ನನಗೆ ಬಾಯಿಪಾಠವಾಗಿತ್ತು. ಕೀಲಿ ತಿರುಗಿಸಿ ಮತ್ತೆ ಶುರು ಮಾಡಬೇಕು. ಎದ್ದ ಯಂತ್ರ ಯಾರಿಗೂ ಬಾಗಿಲು ತೆರೆಯುವುದಿಲ್ಲ, ಕನ್ಸೋಲಿನಲ್ಲಿ ಕುಳಿತ ಒಬ್ಬರ ಮಾತನ್ನಷ್ಟೇ ಕೇಳುತ್ತದೆ. ಅದಕ್ಕೆ ಇವತ್ತಿನ ತಾರೀಖು ಹೇಳಬೇಕು, ಬಿದ್ದದ್ದರಿಂದ ದಿನ ಮರೆತಿರುತ್ತದೆ. ಹೇಳಿದ ಕೂಡಲೇ ವಾರ, ತಿಂಗಳು, ಗಂಟೆ ಸೇರಿಸಿ ಕಾಗದದ ಮೇಲೆ ಹೊಡೆದು ತೋರಿಸುತ್ತದೆ. ಆಮೇಲೆ ಎಫ್, ಎಸ್, ಸಿ, ಕೆ ಎಂದು ನಾಲ್ಕಕ್ಷರ ಹೊಡೆದರೆ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ತಡಕುತ್ತದೆ. ಐದು ಸುತ್ತು. ನಡುನಡುವೆ ಪ್ರಶ್ನೆ ಕೇಳುತ್ತದೆ: ಈ ತುಂಡು ಯಾರದೋ ಗೊತ್ತಿಲ್ಲ, ತೆಗೆದಿಡಲೇ? ವೈ ಒತ್ತಿದರೆ ಹೌದು. ತಂದೆತಾಯಿ ಸಿಗದ ಫೈಲುಗಳನ್ನೆಲ್ಲ ಒಂದು ಬೇರೆ ಜಾಗದಲ್ಲಿ ಹಾಕುತ್ತದೆ. ಅಲ್ಲಿ ಯಾವುದಕ್ಕೂ ಹೆಸರಿಲ್ಲ, ಬರೀ ನಂಬರು. ಹುಡುಗರು ಒಂದೊಂದೇ ತೆರೆದು ನೋಡಿ ‘ಇದು ನಂದು’ ಎಂದು ಎತ್ತಿಕೊಳ್ಳುತ್ತಿದ್ದರು.

ಒಂದು ಸಲ ಸರ್ ಅವಸರಕ್ಕೆ ಆ ತಡಕಾಟವನ್ನೇ ಬಿಟ್ಟು ನೇರ ಬಾಗಿಲು ತೆರೆದರು. ಮುರಿದದ್ದರ ಮೇಲೇ ಹೊಸದು ಬರೆಯತೊಡಗಿ, ಮಧ್ಯಾಹ್ನದ ಹೊತ್ತಿಗೆ ಒಂದು ತರಗತಿಯ ತಿಂಗಳ ಕೆಲಸವೆಲ್ಲ ಹೋಯಿತು. ಒಬ್ಬ ಹುಡುಗಿ ಕಿಟಕಿ ಹಿಡಿದು ಅತ್ತಳು. ಅವಳಿಗೆ ನೀರು ಕೊಟ್ಟು, ಅಳೂದ್ರಿಂದ ಡಿಸ್ಕು ತುಂಬೂದಿಲ್ಲವ್ವ, ಮತ್ತ ಬರಿ ಎಂದೆ. ಬರೆದಳು. ಮೊದಲಿಗಿಂತ ಸಣ್ಣದಾಗಿ, ಚೆನ್ನಾಗಿ ಬಂತಂತೆ.

ಕಂಪನಿಯ ಇಂಜಿನಿಯರನ್ನು ಕರೆಸಿದರು. ಮೈಸೂರು ಕಡೆಯವರು, ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದರು. ಮೊದಲ ಸಲ ಬಂದಾಗ ಎರಡು ಮೆಮೊರಿ ಬೋರ್ಡು ಬದಲಿಸಿದರು. ಅದೇ ವಾರ ನನ್ನ ಮಗಳಿಗೆ ಹೆರಿಗೆಯಾಗಿ, ಮೊಮ್ಮಗಳ ತೊಟ್ಟಿಲಿಗೆಂದು ನಾನು ಎಂಟು ದಿನ ರಜೆ ಹೋದೆ. ಆ ಎಂಟು ದಿನ ಯಂತ್ರ ಒಮ್ಮೆಯೂ ಬೀಳಲಿಲ್ಲ. ಪೇಢೆ ಹಂಚಿದರಂತೆ. ನಾನು ಮರಳಿ ಬಂದ ಎರಡನೇ ದಿನ ಮತ್ತೆ ಬಿತ್ತು. ಲ್ಯಾಬಿನ ಸರ್ ನಕ್ಕು ‘ಆಯಾ ಇಲ್ಲಂದ್ರ ಯಂತ್ರ ಆರಾಮ ಇರ್ತೈತಿ ನೋಡ್ರಿ’ ಎಂದರು. ತಮಾಷೆಗೆ ಅಂದದ್ದು. ನಾನೂ ನಕ್ಕೆ.

ಎರಡನೇ ಸಲ ಇಂಜಿನಿಯರ್ ಬಂದದ್ದು ಒಂದು ಶುಕ್ರವಾರ. ಬರುವ ವಾರ ಬಿಟ್ಟು ಅದರ ಮರು ಸೋಮವಾರ ಹುಡುಗರಿಗೆ ಪ್ರಾಯೋಗಿಕ ಪರೀಕ್ಷೆ, ಮೂರು ತಾಸು ಯಂತ್ರ ಬೀಳದೆ ನಡೆಯಲೇಬೇಕು. ಅವರು ನೆಲದ ಮೇಲೆ ಮಲಗಿ ಯಂತ್ರದ ಅಡಿಗೆ ಬ್ಯಾಟರಿ ಬಿಟ್ಟು ನೋಡಿದರು. ಕಾಲುಗಳ ಸುತ್ತ ಬಿಳಿ ಕಲೆ ಕಂಡಿತು. ಬೆರಳಿನಿಂದ ಕೆರೆದು, ಇದೇನು ಎಂದು ಕೇಳಿದರು. ವಾಷಿಂಗ್ ಸೋಡಾ ಎಂದೆ. ವಾರಕ್ಕೆ ಎರಡು ಸಲ ಸೋಡಾ ನೀರಿನಿಂದ ಒರೆಸುತ್ತೇನೆ, ಇಲ್ಲದಿದ್ದರೆ ಈ ಊರಿನ ಕೆಂಪು ಧೂಳು ಹೋಗುವುದಿಲ್ಲ ಎಂದೆ. ಸತ್ಯವನ್ನೇ ಹೇಳಿದೆ. ಅವರು ಎದ್ದು ಕೈ ಒರೆಸಿಕೊಂಡು ವರದಿ ಬರೆದರು: ನೆಲದ ನೀರಿನ ತೇವದಿಂದ ಯಂತ್ರ ಬೀಳುತ್ತಿರಬಹುದು, ಒರೆಸುವುದನ್ನು ನಿಲ್ಲಿಸಬೇಕು.

ಪ್ರಾಚಾರ್ಯರು ನನ್ನನ್ನು ಕರೆಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೀರು ಮುಟ್ಟಬೇಡ, ಬರೀ ಕಸಬರಿಗೆ ಆಡಿಸು ಎಂದರು. ನಿನ್ನ ಖಾಯಂ ಕಾಗದ ಸ್ವಲ್ಪ ನಿಲ್ಲಲಿ, ಈ ವಾರ ಒರೆಸದಿದ್ದಾಗ ಯಂತ್ರ ಬೀಳದೆ ನಡೆದರೆ ನಿನ್ನನ್ನು ಬೇರೆ ಏನು ಮಾಡುವುದೆಂದು ನೋಡಬೇಕಾಗುತ್ತದೆ ಎಂದರು. ಬೇರೆ ಎಂದರೆ ಮನೆಗೆ. ಅಷ್ಟು ನನಗೂ ತಿಳಿಯುತ್ತದೆ.

ಹೊರಗೆ ಬಂದರೆ ಇಂಜಿನಿಯರ್ ಕನ್ಸೋಲಿನ ಹಿಂದೆ ಹುಡುಕುತ್ತಿದ್ದರು. ಹಳೆಯ ಕಾಗದಗಳೆಲ್ಲಿ ಎಂದು ಲ್ಯಾಬಿನ ಸರ್ ಅವರನ್ನು ಕೇಳಿದರು. ಪ್ರತಿ ಸಲ ಬಿದ್ದಾಗ ಯಂತ್ರ ಹೊಡೆದ ಸಾಲು, ಎದ್ದಾಗ ಹೊಡೆದ ತಾರೀಖು, ಅವೇ ಬೇಕು, ಅವಿಲ್ಲದಿದ್ದರೆ ನಾನು ಬರೆದದ್ದು ಬರೀ ಊಹೆ ಎಂದರು. ಊಹೆ ಎಂಬ ಮಾತು ನನ್ನ ಕಿವಿಗೆ ಬಿತ್ತು. ಲ್ಯಾಬಿನ ಸರ್ ನನ್ನ ಮುಖ ನೋಡಿದರು.

‘ಆಯಾ, ಆ ಕಾಗದ ಎಲ್ಲಿ ಅದಾವ?’

‘ತಿಂದಾರ್ರಿ.’

‘ಯಾರು ತಿಂದಾರ?’

‘ನೀವೂ ತಿಂದೀರಿ. ಮಿರ್ಚಿ ಭಜಿ ಯಾತರಾಗ ಕಟ್ಟಿ ಕೊಡತಾರಂತ ತಿಳದೀರಿ?’

ಆ ಕಾಗದ ಅಗಲ, ದಪ್ಪ, ಒಂದು ಬದಿ ಖಾಲಿ. ಕಸಕ್ಕೆ ಹಾಕು ಎಂದು ಸರ್ ಅವರೇ ಹೇಳಿದ್ದರು. ನಾನು ಕಸಕ್ಕೆ ಹಾಕುವ ಜಾತಿಯಲ್ಲ. ಅರ್ಧವನ್ನು ಗೇಟಿನ ಹತ್ತಿರ ಕ್ಯಾಂಟೀನ್ ನಡೆಸುವ ಚಾಚಾನಿಗೆ ಕೊಟ್ಟಿದ್ದೆ, ಅರ್ಧವನ್ನು ಇಳಕಲ್ಲಿನಲ್ಲಿರುವ ನಮ್ಮ ಅಕ್ಕನಿಗೆ. ಅವಳು ಮಗ್ಗದಿಂದ ಇಳಿಸಿದ ಸೀರೆಯನ್ನು ಮಡಚುವಾಗ ಒಳಗೆ ಕಾಗದ ಇಟ್ಟು ಮಡಚುತ್ತಿದ್ದಳು, ಮಡಿಕೆ ಮುರಿಯಬಾರದೆಂದು.

ಚಾಚಾನ ಹತ್ತಿರ ಒಂದೇ ಉಳಿದಿತ್ತು, ಗಾಜಿನ ಕಪಾಟಿನ ತಳಕ್ಕೆ ಹಾಸಿದ್ದ. ಅದರ ಮೇಲಿದ್ದ ಚುರಮುರಿ ಡಬ್ಬಿಗಳನ್ನೆಲ್ಲ ಇಳಿಸಿ ಕೊಟ್ಟ. ಎಣ್ಣೆ ಹೀರಿ ಕಾಗದ ಪಾರದರ್ಶಕವಾಗಿತ್ತು, ಆದರೆ ಅಕ್ಷರ ಮೊದಲಿಗಿಂತ ಚೆನ್ನಾಗಿ ಕಾಣುತ್ತಿದ್ದವು.

ಭಾನುವಾರ ಬೆಳಗಿನ ಬಸ್ಸಿಗೆ ಇಳಕಲ್ಲಿಗೆ ಹೋದೆ. ಅಕ್ಕ ಮಗ್ಗದ ಮುಂದೆ ಕೊಂಡಿ ಹಾಕುತ್ತಾ ಕುಳಿತಿದ್ದಳು. ಸೆರಗಿನ ಎಳೆಗೆ ಮೈಯ ಎಳೆಯನ್ನು ಒಂದೊಂದಾಗಿ ಕೂಡಿಸುವ ಕೆಲಸ, ಮಾತಾಡಿದರೆ ಎಣಿಕೆ ತಪ್ಪುತ್ತದೆ. ಕಾದೆ. ಮುಗಿಸಿ ತಲೆ ಎತ್ತಿದಾಗ ವಿಷಯ ಹೇಳಿದೆ.

‘ಕೊಟ್ಟ ಕಾಗದ ತಿರುಗಿ ಕೇಳಾಕ ಬಂದೀಯೇನ? ನಾಚಿಕಿ ಬರೂದಿಲ್ಲ ನಿನಗ?’

‘ನೌಕರಿ ಉಳದ ಮ್ಯಾಲ ನಾಚತೇನಿ. ಟ್ರಂಕ ತಗಿ.’

ಮಡಚಿಟ್ಟ ಸೀರೆಗಳನ್ನೆಲ್ಲ ಬಿಚ್ಚಿದೆವು. ಅವಳು ಬೈಯುತ್ತಲೇ ಬಿಚ್ಚಿದಳು. ಬರೀ ಪ್ರೋಗ್ರಾಮು ಹೊಡೆದ ಕಾಗದವೇ ಹೆಚ್ಚು. ‘ಪ್ಯಾನಿಕ್’ನ ಆಕಾರ ನನಗೆ ಗೊತ್ತಿತ್ತು, ಐದು ಅಕ್ಷರ, ಪಕ್ಕದಲ್ಲಿ ಎರಡು ಚುಕ್ಕಿ. ಅಂಥವು ಮೂರು ಸಿಕ್ಕವು. ಇನ್ನೊಂದು ಹುನಗುಂದಕ್ಕೆ ಹೋದ ಸೀರೆಯಲ್ಲಿರಬಹುದು ಎಂದಳು. ಆ ಮನೆಯ ಗುರುತು ಕೇಳಿಕೊಂಡು, ಮರಳುವಾಗ ಹುನಗುಂದದಲ್ಲಿ ಇಳಿದೆ. ಮದುವೆ ನಿಶ್ಚಯವಾದ ಮನೆ. ಬಾಗಿಲಲ್ಲಿ ನಿಂತು, ಸೀರೆ ಬೇಡ, ಸೀರೆಯೊಳಗಿನ ಕಾಗದ ಕೊಡಿ ಎಂದು ಕೇಳಿದರೆ ಆ ಮನೆಯ ಹಿರಿಯ ಹೆಣ್ಣುಮಗಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಒಳಗೆ ಕರೆದು ಸೀರೆ ಬಿಚ್ಚಿಸಿದಳು. ಕಾಗದ ಸಿಕ್ಕಿತು. ಬರಿಗೈಲಿ ಕಳಿಸಬಾರದೆಂದು ಉಂಡಿ ಕಟ್ಟಿ ಕೊಟ್ಟಳು. ಆ ಉಂಡಿಯನ್ನು ನಾನು ಬೇರೆ ಕಾಗದದಲ್ಲಿ ಕಟ್ಟಿಸಿಕೊಂಡೆ.

ಸೋಮವಾರ ನಾನು ಒರೆಸಲಿಲ್ಲ. ಯಂತ್ರ ಬೀಳಲಿಲ್ಲ. ಸಂಜೆ ಪ್ರಾಚಾರ್ಯರು ಕೋಣೆಯ ಬಾಗಿಲಿಗೆ ಬಂದು ಇಣುಕಿ, ಯಂತ್ರ ನಡೆಯುತ್ತಿರುವುದನ್ನು ನೋಡಿಕೊಂಡು ಹೋದರು. ಅದು ಬೈಗುಳಕ್ಕಿಂತ ಭಾರವಾಗಿತ್ತು.

ಮಂಗಳವಾರ ಹುಡುಗರ ತರಗತಿ ಮುಗಿದ ಮೇಲೆ ಕಾಗದಗಳನ್ನು ಇಂಜಿನಿಯರ್ ಮುಂದಿಟ್ಟೆ. ಕನ್ಸೋಲಿನಲ್ಲೇ ಉಳಿದಿದ್ದ ಕೊನೆಯದೂ ಸೇರಿ ಆರು. ಎಣ್ಣೆಯ ಕಲೆ ನೋಡಿ ಅವರಿಗೆ ನಗು ಬಂತು, ಆದರೆ ಎರಡೂ ಕೈಯಿಂದ ತೆಗೆದುಕೊಂಡರು. ಒಂದೊಂದನ್ನೇ ಓದಿ ಕೆಳಗಿಡತೊಡಗಿದರು. ಹಾಗೆ ಓದಿದರೆ ಏನು ಕಂಡೀತು? ನಾನು ಕೇಳದೆಯೇ ಆರನ್ನೂ ನೆಲದ ಮೇಲೆ ಒಂದರ ಕೆಳಗೆ ಒಂದು, ಅಂಚಿಗೆ ಅಂಚು ಕೂಡಿಸಿ ಹಾಸಿದೆ. ದಡಿ ಸರಿಬಂದಿದೆಯೇ ಎಂದು ನಾವು ನೋಡುವುದೇ ಹಾಗೆ. ಕುಳಿತು ನೋಡಿದೆ. ಗಾಬರಿಯ ಸಾಲಿನ ಕೊನೆಗೆ ಆರರಲ್ಲೂ ಒಂದೇ ಅಂಕಿ.

‘ಇಲ್ಲಿ ಎಲ್ಲಾದರಾಗೂ ಏಳು ಐತಲ್ರಿ. ಯಾಕ?’

ಅವರು ಬಗ್ಗಿದರು. ಅದು ತಂತಿಯ ನಂಬರು, ಬೀಳುವ ಹೊತ್ತಿಗೆ ಯಂತ್ರ ಯಾವ ತಂತಿಯ ಕೆಲಸದಲ್ಲಿತ್ತು ಎಂಬುದು ಎಂದರು. ಆರು ಸಲವೂ ಏಳನೇ ನಂಬರಿನ ತಂತಿ. ಹುಡುಗರ ಪ್ರೋಗ್ರಾಮು ತಪ್ಪಾಗಿದ್ದರೆ ಒಮ್ಮೆ ಎರಡು, ಒಮ್ಮೆ ಐದು ಇರಬೇಕಿತ್ತು. ಆ ತಂತಿಯ ಮೇಲೆ ಯಾರು ಕೂರುತ್ತಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದರು ಲ್ಯಾಬಿನ ಸರ್. ಅದು ಪ್ರಾಚಾರ್ಯರ ಕೋಣೆಗೆ ಎಳೆದ ತಂತಿ. ಅವರ ಟರ್ಮಿನಲ್ ರಿಪೇರಿಗೆ ಹೋಗಿ ಎರಡು ತಿಂಗಳಾಯಿತು, ತಂತಿ ಹಾಗೇ ಇದೆ.

ನಾನು ಅಷ್ಟರಲ್ಲಿ ಇನ್ನೊಂದು ನೋಡಿದ್ದೆ. ತಾರೀಖಿನ ಸಾಲಿನ ಮೊದಲಿಗೆ ಮೂರು ಅಕ್ಷರ. ಆರು ಕಾಗದದಲ್ಲಿ ಎರಡೇ ಥರದ ಚಿತ್ತಾರ, ನಾಲ್ಕು ಒಂದು ಥರ, ಎರಡು ಇನ್ನೊಂದು ಥರ. ಇವೇನು ಎಂದು ಕೇಳಿದೆ.

‘ವಾರಗಳಮ್ಮ. ಇದು ಸೋಮವಾರ. ಇದು ಗುರುವಾರ.’

ಸೋಮವಾರ, ಗುರುವಾರ ನಾನು ಸೋಡಾ ಹಾಕಿ ಒರೆಸುವ ದಿನ. ಆ ಏಳನೇ ತಂತಿ ಎಲ್ಲಿದೆ ಎಂಬುದು ಇವರಿಬ್ಬರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಕೋಣೆಯ ಗವಾಕ್ಷಿಯಿಂದ ಹೊರಟು ಹಿಂದಿನ ಪಡಸಾಲೆಯ ಮೇಲೆ ಅಡ್ಡ ಹಾದು ಪ್ರಾಚಾರ್ಯರ ಕಿಟಕಿಯವರೆಗೆ ಬಿಗಿಯಾಗಿ ನಿಂತ ಕಪ್ಪು ತಂತಿ. ಹಗ್ಗಕ್ಕಿಂತ ಗಟ್ಟಿ, ತುಕ್ಕಿಲ್ಲ, ಬಿಸಿಲು ಬೀಳುವ ಜಾಗ. ಟರ್ಮಿನಲ್ ಹೋದ ಮೇಲೆ ಕಿಟಕಿಯ ಹೊರಗೇ ಜೋತಿದ್ದ ಅದರ ತುದಿಗೆ ಒಂದು ಅಗಲ ಮೂತಿ, ಮೂತಿಯೊಳಗೆ ಇಪ್ಪತ್ತೈದು ಸಣ್ಣ ಹಲ್ಲು. ಹಿಂಡಿದ ಅರಿವಿಯನ್ನು ತಂತಿಯ ಮೇಲೆ ಹರಡಿ ಅದರ ಒಂದು ಮೂಲೆಯನ್ನು ಆ ಹಲ್ಲಿಗೆ ಸಿಕ್ಕಿಸಿದರೆ ಎಂಥ ಗಾಳಿಗೂ ಹಾರುತ್ತಿರಲಿಲ್ಲ. ನನ್ನ ಜಾಣತನ ಅದು. ಎರಡು ತಿಂಗಳಿಂದ ಆ ಜಾಣತನದ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಇಬ್ಬರನ್ನೂ ಅಲ್ಲೇ ಬಿಟ್ಟು ಎದ್ದು ಕ್ಯಾಂಟೀನಿಗೆ ಹೋದೆ. ಚಾಚಾ ಚಹಾ ಕೊಟ್ಟ. ಅವನಿಗೆ ಹೇಳಿದೆ. ಹೇಳದಿದ್ದರೆ ಹೊಟ್ಟೆ ಒಡೆಯುತ್ತಿತ್ತು.

‘ಸುಮ್ನಿರಕ್ಕಾ’ ಎಂದ. ‘ನಾಳಿಂದ ಅರಿವಿ ಗಿಡದ ಮ್ಯಾಲ ಹಾಕು. ಯಂತ್ರ ಬೀಳೂದಿಲ್ಲ, ಯಾರಿಗೂ ತಿಳಿಯೂದಿಲ್ಲ.’

ಒಳ್ಳೆಯ ಉಪಾಯ. ನಾನು ಅದನ್ನು ಒಂದು ಕಪ್ ಚಹಾ ಮುಗಿಯುವಷ್ಟು ಹೊತ್ತು ಯೋಚಿಸಿದೆ. ಯಂತ್ರ ಬೀಳುವುದಿಲ್ಲ, ಆದರೆ ವರದಿಯಲ್ಲಿ ನೆಲದ ನೀರೇ ಉಳಿಯುತ್ತದೆ, ನೀರಿನ ಜೊತೆ ನನ್ನ ಹೆಸರೂ. ನನ್ನನ್ನು ಕಳಿಸಿ ಇನ್ನೊಬ್ಬಳನ್ನು ತರುತ್ತಾರೆ. ಅವಳಿಗೂ ಅಷ್ಟು ಚೆಂದದ ತಂತಿ ಕಣ್ಣಿಗೆ ಬೀಳದೆ ಇರುವುದಿಲ್ಲ. ಯಂತ್ರ ಮತ್ತೆ ಬೀಳುತ್ತದೆ, ಮತ್ತೆ ಬೋರ್ಡು ಕೀಳುತ್ತಾರೆ. ಇಷ್ಟೊಂದು ಓದಿದವರು ಹೀಗೆ ಕತ್ತಲಲ್ಲಿ ತಡಕುವುದನ್ನು ನೋಡಿ ಸುಮ್ಮನಿರುವುದು ನನ್ನಿಂದಾಗದು. ಕಪ್ಪು ಇಟ್ಟು ಹೊರಟೆ. ಚಾಚಾ ಹಿಂದಿನಿಂದ, ‘ಏನ್ ಮಾಡತೀ?’ ಎಂದು ಕೇಳಿದ. ‘ಕೆಡವತೇನಿ’ ಎಂದೆ.

ಬುಧವಾರ ಹತ್ತು ಗಂಟೆಗೆ ಪ್ರಾಚಾರ್ಯರು, ಇಂಜಿನಿಯರ್, ಲ್ಯಾಬಿನ ಸರ್ ಮೂವರನ್ನೂ ಕೋಣೆಗೆ ಕರೆದೆ. ಆಯಾ ಕರೆದಳೆಂದು ಅವರು ಬಂದದ್ದೇ ಒಂದು ಆಶ್ಚರ್ಯ.

‘ಇವತ್ತ ಸೋಮವಾರ ಅಲ್ಲ, ಗುರುವಾರ ಅಲ್ಲ’ ಎಂದೆ. ‘ನೆಲ ಒಣ ಐತಿ, ಕೈಯಿಂದ ಮುಟ್ಟಿ ನೋಡ್ರಿ. ನಾ ಈಗ ಹೊರಗ ಹೋಗಿ ಈ ಯಂತ್ರ ಕೆಡವತೇನಿ.’

ಪ್ರಾಚಾರ್ಯರು ಲ್ಯಾಬಿನ ಸರ್ ಅವರ ಕಡೆ ನೋಡಿದರು, ಇವಳಿಗೆ ತಲೆ ಸರಿಯಿದೆಯೇ ಎಂಬಂತೆ. ಇಂಜಿನಿಯರ್ ಮಾತ್ರ ಕುರ್ಚಿ ಎಳೆದು ಕನ್ಸೋಲಿನ ಮುಂದೆ ಕುಳಿತರು. ಹುಡುಗರಿಗೆ ಕೆಲಸ ಉಳಿಸಿ ಹೊರಗೆ ಬರಲು ಹೇಳಿದರು. ನೆನಪಿನಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆ ಎಂದು ಯಂತ್ರಕ್ಕೆ ಎರಡು ಸಲ ಹೇಳಿದರು, ಬಿದ್ದರೂ ಹಾನಿ ಕಡಿಮೆಯಾಗಲಿ ಎಂದು. ಆಮೇಲೆ, ‘ಹೋಗಿಬನ್ನಿ ಅಮ್ಮ’ ಎಂದರು.

ಬಕೆಟ್ಟಿನಲ್ಲಿ ಸೋಡಾ ಕಲಸಿ ಅರಿವಿ ಅದ್ದಿ ಹಿಂಡಿದೆ. ಎಂದಿನಂತೆಯೇ, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ತಂತಿಯ ಮೇಲೆ ಹರಡಿ ಮೂಲೆಯನ್ನು ಹಲ್ಲಿಗೆ ಸಿಕ್ಕಿಸಿ ಒಳಗೆ ಬಂದೆ.

ಮೊದಲು ಏನೂ ಆಗಲಿಲ್ಲ. ಐದು ನಿಮಿಷ. ಪ್ರಾಚಾರ್ಯರು ಗಡಿಯಾರ ನೋಡಿಕೊಂಡರು. ಆಗಲಿಲ್ಲವೆಂದರೆ ನಾನು ಬರೀ ಕೆಲಸ ಕಳೆದುಕೊಂಡವಳಲ್ಲ, ಹುಚ್ಚಿಯೂ ಹೌದು. ಆಮೇಲೆ ಡಿಸ್ಕು ಗೊರಗೊರ ಶುರುಮಾಡಿತು. ಆ ಸದ್ದು ಕೇಳಿ ನನಗಾದ ಸಂತೋಷ ಮೊಮ್ಮಗಳ ಮೊದಲ ಅಳು ಕೇಳಿದಾಗಲೂ ಆಗಿರಲಿಲ್ಲ, ಸುಳ್ಳೇಕೆ ಹೇಳಲಿ.

ಇಂಜಿನಿಯರ್ ಏನೋ ಹೊಡೆದರು. ಕನ್ಸೋಲ್ ಉದ್ದಕ್ಕೆ ಒಂದು ಪಟ್ಟಿ ಉಗುಳಿತು. ಪಟ್ಟಿಯ ತುಂಬ ಏಳು, ಏಳು, ಏಳು. ಅವರು ಕುರ್ಚಿಗೆ ಒರಗಿ ಜೋರಾಗಿ ನಕ್ಕರು.

ಆಮೇಲೆ ನನಗೆ ತಿಳಿಯುವಂತೆ ಹೇಳಿದರು. ಒಂದೊಂದು ತಂತಿಗೂ ಯಂತ್ರ ಒಬ್ಬ ಕಾವಲುಗಾರನನ್ನು ಇಟ್ಟಿರುತ್ತದೆ. ಆ ಕಡೆಯಿಂದ ಯಾರಾದರೂ ಬಂದಾರೆಂದು ಅವನು, ನೀನು ಯಾರು, ಹೆಸರು ಹೇಳು ಎಂದು ಬರೆದು ಕಾಯುತ್ತಾನೆ. ಮೂತಿಯ ಒಂದು ಹಲ್ಲಿನಿಂದ ಮಾತು ಹೊರಗೆ ಹೋಗುತ್ತದೆ, ಇನ್ನೊಂದರಿಂದ ಒಳಗೆ ಬರುತ್ತದೆ. ನನ್ನ ಸೋಡಾ ನೀರಿನ ಅರಿವಿ ಎರಡನ್ನೂ ಕೂಡಿಸಿತ್ತು.

‘ಅಮ್ಮ, ಭಾನುವಾರ ನಾನು ಬಾದಾಮಿಗೆ ಹೋಗಿದ್ದೆ. ಹೊಂಡದ ದಂಡೆಯಲ್ಲಿ ನಿಂತು ಬಂಡೆಗಳ ಕಡೆ ತಿರುಗಿ ಯಾರದು ಎಂದು ಕೂಗಿದೆ. ಯಾರದು ಎಂದು ತಿರುಗಿ ಬಂತು. ಇವನೂ ಅದನ್ನೇ ಮಾಡುತ್ತಿದ್ದಾನೆ. ನೀನು ಯಾರು ಎನ್ನುತ್ತಾನೆ, ಅದೇ ತಿರುಗಿ ಬರುತ್ತದೆ. ಅದನ್ನೇ ಯಾರದೋ ಹೆಸರೆಂದು ತಿಳಿದು ಗುಟ್ಟಿನ ಪದ ಹೇಳು ಎನ್ನುತ್ತಾನೆ, ಅದೂ ತಿರುಗಿ ಬರುತ್ತದೆ. ತಪ್ಪು ಎನ್ನುತ್ತಾನೆ. ಮತ್ತೆ ನೀನು ಯಾರು.’

‘ಬಾದಾಮ್ಯಾಗ ಮಂದಿ ಎರಡ ಸಲ ಕೂಗಿ ಸುಮ್ಮನಾಗತಾರ್ರಿ’ ಎಂದೆ.

ಇವನು ಸುಮ್ಮನಾಗುವುದಿಲ್ಲ, ಅದೇ ತೊಂದರೆ ಎಂದರು. ಯಂತ್ರದ ಒಳಗಿನ ಜಾಗವೆಲ್ಲ ಈ ಕೂಗಾಟದಿಂದಲೇ ತುಂಬುತ್ತದೆ. ತುಂಬಿದಾಗ ಸಾಕು ಎಂದು ತಡೆಯಬೇಕಾದ ಭಾಗದಲ್ಲಿ ಅವರ ಕಂಪನಿಯ ತಪ್ಪಿದೆ, ತಡೆಯುವ ಬದಲು ಗಾಬರಿಯಾಗುತ್ತದೆ. ಅವರ ಮಾತು ಮುಗಿಯುವ ಮೊದಲೇ ಕೋಣೆ ಮೌನವಾಯಿತು. ಕನ್ಸೋಲ್ ಎರಡು ಸಾಲು ಹೊಡೆದು ನಿಂತಿತು. ಕೊನೆಗೆ ಏಳು. ಬಾಗಿಲಲ್ಲಿ ಗುಂಪುಗೂಡಿದ್ದ ಹುಡುಗರು ಚಪ್ಪಾಳೆ ತಟ್ಟಿದರು. ಯಂತ್ರ ಬಿದ್ದದ್ದಕ್ಕೆ ಚಪ್ಪಾಳೆ ಬಿದ್ದದ್ದು ಅದೊಂದೇ ಸಲ.

ಪ್ರಾಚಾರ್ಯರು ಮಾತ್ರ ನಗಲಿಲ್ಲ. ‘ಹಂಗಾದ್ರ ತಪ್ಪು ಯಾರದು?’ ಎಂದು ಕೇಳಿದರು.

‘ಅರಿವಿ ನಂದು’ ಎಂದೆ. ‘ತಂತಿ ನಿಮ್ಮದು. ಯಂತ್ರ ಇವರದು.’

ಆಗ ಅವರೂ ನಕ್ಕರು. ಲ್ಯಾಬಿನ ಸರ್ ನೆಲ ನೋಡುತ್ತಿದ್ದರು; ಟರ್ಮಿನಲ್ ಕಳಿಸಿದ ದಿನವೇ ಆ ಕಾವಲುಗಾರನನ್ನು ತೆಗೆಯಬೇಕಾದವರು ಅವರು. ಪ್ರಾಚಾರ್ಯರು ನನಗೆ ಹೇಳಿದ್ದು ಇಷ್ಟು: ಸೋಮವಾರ ಪರೀಕ್ಷೆಯಲ್ಲಿ ಯಂತ್ರ ಮೂರು ತಾಸು ಬೀಳದೆ ನಡೆಯಲಿ, ಮಂಗಳವಾರ ನಿನ್ನ ಕಾಗದಕ್ಕೆ ಸಹಿ.

ಯಂತ್ರವನ್ನು ಎಬ್ಬಿಸುವಾಗ ಇಂಜಿನಿಯರ್ ಕನ್ಸೋಲಿನ ಮುಂದೆ ನನ್ನನ್ನೇ ಕೂರಿಸಿದರು. ತಾರೀಖು ಹೊಡೆದೆ. ನಾಲ್ಕಕ್ಷರ ಹೊಡೆದೆ. ಐದು ಸುತ್ತು ತಡಕಿತು, ಕೇಳಿದಲ್ಲೆಲ್ಲ ವೈ ಒತ್ತಿದೆ. ಅನಾಥವಾಗಿ ಸಿಕ್ಕದ್ದು ಎರಡೇ ಫೈಲು. ಆಮೇಲೆ ಅವರು ತಂತಿಗಳ ಪಟ್ಟಿಯನ್ನು ತೆರೆದರು. ಎಂಟು ಸಾಲು, ಒಂದೊಂದು ಸಾಲಿನ ಮೊದಲಿಗೂ ಒಂದು ಎಂಬ ಅಂಕಿ. ಒಂದು ಇದ್ದರೆ ಆ ತಂತಿಗೆ ಕಾವಲುಗಾರ ಇದ್ದಾನೆ, ಸೊನ್ನೆ ಇದ್ದರೆ ಇಲ್ಲ. ಕೊನೆಯ ಸಾಲಿನ ಒಂದನ್ನು ಅಳಿಸಿ ಸೊನ್ನೆ ಹಾಕಬೇಕು. ನೀವೇ ಹಾಕಿ ಎಂದರು. ಹಾಕಿದೆ. ಆ ಯಂತ್ರವನ್ನು ಗುಜರಿಗೆ ಕಳಿಸುವವರೆಗೂ ಆ ಸೊನ್ನೆ ಅಲ್ಲೇ ಇತ್ತು. ಕಳಿಸಿದ ದಿನ ಕೋಣೆಯ ಕೀಲಿಕೈ ನನ್ನ ಸೊಂಟದಲ್ಲಿತ್ತು.

ಹೊಸ ವರದಿ ಬರೆದು ಓದಿ ಹೇಳಿದರು. ನೆಲದ ನೀರಿನ ಮಾತು ಹೊಡೆದು ಹಾಕಿದ್ದರು. ತಂತಿಯನ್ನು ಬಿಚ್ಚಲು ಏಣಿಯವನು ಶನಿವಾರ ಬರುತ್ತಾನೆ, ಅಲ್ಲಿಯವರೆಗೆ ಸೊನ್ನೆ ಸಾಕು, ಇನ್ನು ಆ ತಂತಿಯಿಂದ ಏನೂ ಆಗುವುದಿಲ್ಲ ಎಂದರು. ಆದರೂ ಅದರ ಮೇಲೆ ಏನನ್ನೂ ಹಾಕಬೇಡಿ ಎಂದು ನನಗೆ ಎರಡೆರಡು ಸಲ ಹೇಳಿದರು. ಆಗಲಿ ಎಂದೆ.

ಮರುದಿನ ಗುರುವಾರ. ಎಂಟು ಗಂಟೆಗೇ ಹೋದೆ. ಬಕೆಟ್ಟಿಗೆ ಎಂದಿಗಿಂತ ಎರಡು ಹಿಡಿ ಹೆಚ್ಚು ಸೋಡಾ ಹಾಕಿ, ಒಂದು ವಾರದ ಕೆಂಪು ಧೂಳೆಲ್ಲ ಹೋಗುವಂತೆ ಯಂತ್ರದ ಕಾಲಿನವರೆಗೂ ಒರೆಸಿದೆ. ಅರಿವಿ ಹಿಂಡಿ ಹಿಂದಿನ ಪಡಸಾಲೆಗೆ ಹೋಗಿ ಅದೇ ತಂತಿಯ ಮೇಲೆ ಹರಡಿದೆ, ಮೂಲೆಯನ್ನು ಅದೇ ಹಲ್ಲಿಗೆ ಸಿಕ್ಕಿಸಿದೆ. ಸೋಮವಾರಕ್ಕಿಂತ ಮೊದಲು ನನಗೇ ಖಾತ್ರಿಯಾಗಬೇಕಿತ್ತು; ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕುಳಿತೆ. ಹುಡುಗರು ಬಂದರು, ಏಳು ಟರ್ಮಿನಲ್ಲೂ ತುಂಬಿದವು. ಹನ್ನೊಂದಾಯಿತು. ಹನ್ನೆರಡಾಯಿತು. ಮೆಲ್ಲಗಾಯಿತು ಎಂದು ಯಾರೂ ಕೂಗಲಿಲ್ಲ. ಮೂರು ತಾಸು ತುಂಬಿದ ಮೇಲೆ ಎದ್ದು ಹೋಗಿ ನೋಡಿದೆ. ಅರಿವಿ ಒಣಗಿತ್ತು. ಮಡಚಿ ತಂದಿಟ್ಟೆ.